ಆರ್ಡರ್ ಪುಸ್ತಕ ಇಟ್ಟಿದ್ದ ಅಂಗಡಿ

1961ರ ಅಕ್ಟೋಬರ್ 28, ಶನಿವಾರ. ಇಂಗ್ಲೆಂಡಿನ ಬಂದರು ನಗರ ಲಿವರ್‌ಪೂಲಿನ ವೈಟ್‌ಚಾಪೆಲ್ ಬೀದಿಯಲ್ಲಿದ್ದ ಒಂದು ಅಂಗಡಿಗೆ ರೇಮಂಡ್ ಜೋನ್ಸ್ ಎಂಬ ಹುಡುಗ ಬಂದ. ಜರ್ಮನಿಯಲ್ಲಿ ಬಿಡುಗಡೆಯಾಗಿದ್ದ ‘ಮೈ ಬಾನಿ’ ಎಂಬ ಪ್ಲೇಟು ಬೇಕೆಂದು ಕೇಳಿದ. ಹಾಡಿದವರು ಯಾರು ಅಂದರೆ ‘ಬೀಟಲ್ಸ್’ ಅಂದ. ಅಂಗಡಿಯಲ್ಲಿ ಆ ಪ್ಲೇಟು ಇರಲಿಲ್ಲ. ಕೌಂಟರಿನಲ್ಲಿದ್ದ ಇಪ್ಪತ್ತೇಳು ವರ್ಷದ ಮಾಲೀಕನ ಮಗ ಬ್ರಯಾನ್ ಎಪ್‌ಸ್ಟೈನ್ ಅದನ್ನು ಬರೆದಿಟ್ಟುಕೊಂಡ. ವಿಚಾರಿಸಿದಾಗ ಗೊತ್ತಾಯಿತು, ಬೀಟಲ್ಸ್ ಜರ್ಮನಿಯವರಲ್ಲ, ಇದೇ ಊರಿನ ಹುಡುಗರು, ಅಂಗಡಿಯಿಂದ ಕೆಲವೇ ನಿಮಿಷ ನಡೆದರೆ ಸಿಗುವ ಒಂದು ನೆಲಮಾಳಿಗೆಯಲ್ಲಿ ಹಾಡುತ್ತಾರೆ ಅಂತ. ನವೆಂಬರ್ 9ರ ಮಧ್ಯಾಹ್ನ ಬ್ರಯಾನ್ ಆ ನೆಲಮಾಳಿಗೆಯ ಮೆಟ್ಟಿಲಿಳಿದ. ಮುಂದಿನದು ಜಗತ್ತಿಗೇ ಗೊತ್ತಿರುವ ಕತೆ.

ಬೀಟಲ್ಸ್ ಬಗ್ಗೆ ಬರೆದವರೆಲ್ಲ ಈ ಪ್ರಸಂಗವನ್ನು ಹೇಳುತ್ತಾರೆ, ಹೇಳಿ ಮುಂದಕ್ಕೆ ಹೋಗುತ್ತಾರೆ. ಅಂಗಡಿ ಅಲ್ಲಿಗೆ ಮುಗಿಯುತ್ತದೆ. ಬಾಗಿಲು ತೆರೆದುಕೊಟ್ಟು ಪಕ್ಕಕ್ಕೆ ಸರಿದ ದ್ವಾರಪಾಲಕನ ಪಾತ್ರ ಅದಕ್ಕೆ. ನನಗೆ ಕುತೂಹಲ ಇರುವುದು ಆ ಅಂಗಡಿಯ ಬಗ್ಗೆಯೇ. ಇಲ್ಲದ ಪ್ಲೇಟನ್ನು ಯಾರೋ ಕೇಳಿದರೆ ‘ಇಲ್ಲ’ ಎಂದು ಹೇಳಿ ಕಳಿಸುವುದು ವ್ಯಾಪಾರದ ಸಾಮಾನ್ಯ ರೂಢಿ. ಹೆಸರು ಬರೆದಿಟ್ಟುಕೊಳ್ಳುವ ಅಂಗಡಿ ಹೇಗೆ ಹುಟ್ಟಿತು? ಅದಕ್ಕೆ ಉತ್ತರ ಹುಡುಕಲು 1961ರಿಂದ ಅರವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಐಸಾಕ್ ಎಪ್‌ಸ್ಟೈನ್ ಲಿಥುವೇನಿಯಾದ ಯಹೂದಿ. ಆಗ ಲಿಥುವೇನಿಯಾ ರಷ್ಯಾದ ಚಕ್ರವರ್ತಿಗಳ ಆಳ್ವಿಕೆಯಲ್ಲಿತ್ತು. ಬಡತನದಿಂದಲೂ ಹಿಂಸೆಯ ಭಯದಿಂದಲೂ ಆ ಭಾಗದ ಯಹೂದಿಗಳು ಸಾವಿರಾರು ಸಂಖ್ಯೆಯಲ್ಲಿ ಪಶ್ಚಿಮಕ್ಕೆ ಹೊರಟಿದ್ದ ಕಾಲ ಅದು. ಬಹುಪಾಲು ಜನಕ್ಕೆ ಲಿವರ್‌ಪೂಲ್ ಎಂದರೆ ಅಮೆರಿಕದ ಹಡಗು ಹತ್ತುವ ಬಂದರು, ಅಷ್ಟೇ. ಕೆಲವರು ಅಲ್ಲೇ ಉಳಿದರು. 1890ರ ದಶಕದಲ್ಲಿ ಹದಿನೆಂಟರ ಹರೆಯದಲ್ಲಿ ಬಂದ ಐಸಾಕ್ ಹಾಗೆ ಉಳಿದವರಲ್ಲೊಬ್ಬ. 1901ರಲ್ಲಿ ಅವನು ಊರಿನ ಉತ್ತರ ಭಾಗದ ವಾಲ್ಟನ್ ರಸ್ತೆಯಲ್ಲಿ ಪೀಠೋಪಕರಣಗಳ ಅಂಗಡಿ ತೆರೆದ. ಮಕ್ಕಳು ಹ್ಯಾರಿ ಮತ್ತು ಲೆಸ್ಲಿ ದೊಡ್ಡವರಾಗಿ ಜೊತೆ ಸೇರಿದ ಮೇಲೆ ಅಂಗಡಿಯ ಬೋರ್ಡು ‘ಐ. ಎಪ್‌ಸ್ಟೈನ್ ಅಂಡ್ ಸನ್ಸ್’ ಎಂದಾಯಿತು. ನಮ್ಮ ಪೇಟೆ ಬೀದಿಗಳಲ್ಲಿ ‘ಅಂಡ್ ಸನ್ಸ್’ ಎಂಬ ಬೋರ್ಡುಗಳನ್ನು ಎಷ್ಟು ನೋಡಿಲ್ಲ! ಅಪ್ಪನ ಹೆಮ್ಮೆಯೂ ಮಗನ ಬಂಧನವೂ ಆ ಎರಡು ಪದಗಳಲ್ಲೇ ಇರುತ್ತವೆ.

ಆ ಭಾಗದ ಗಿರಾಕಿಗಳು ಯಾರು? ಹಡಗುಕಟ್ಟೆಯ ಕೂಲಿಗಳು, ಗುಮಾಸ್ತರು, ನಾವಿಕರ ಮನೆಯವರು. ಹಡಗುಕಟ್ಟೆಯ ಕೆಲಸ ಬಹುಕಾಲ ದಿನಗೂಲಿಯದು; ಇವತ್ತು ಹಡಗು ಬಂದರೆ ಕೆಲಸ, ಬಾರದಿದ್ದರೆ ಇಲ್ಲ. ಅಂಥವರಿಗೆ ಒಂದು ಮೇಜು, ಒಂದು ಮಂಚ, ಒಂದು ರೇಡಿಯೊ ಪೂರ್ತಿ ಹಣ ಎಣಿಸಿ ಕೊಳ್ಳುವ ವಸ್ತುಗಳಲ್ಲ. ಎಪ್‌ಸ್ಟೈನರು ಕಂತಿನ ಮೇಲೆ ಕೊಡುತ್ತಿದ್ದರು, ಗಂಟಲು ಹಿಡಿದು ವಸೂಲಿ ಮಾಡುವವರಲ್ಲ ಎಂಬ ಹೆಸರಿತ್ತು. ಕಂತಿನ ವ್ಯಾಪಾರದಲ್ಲಿ ಗಿರಾಕಿ ಒಂದು ದಿನ ಬಂದು ಹೋಗುವವನಲ್ಲ. ವಾರವಾರ ಬರುತ್ತಾನೆ, ಅವನ ಹೆಸರು, ಮನೆ, ಕೆಲಸ, ಕಷ್ಟ ಎಲ್ಲ ಅಂಗಡಿಗೆ ಗೊತ್ತಿರುತ್ತದೆ. ಹೆಸರು ಬರೆದಿಡುವ ರೂಢಿ ಹುಟ್ಟುವುದು ಇಂಥ ಲೆಕ್ಕದ ಪುಸ್ತಕದಲ್ಲಿ.

ವ್ಯಾಪಾರ ಬೆಳೆದಂತೆ ಐಸಾಕ್ ಪಕ್ಕದ ಅಂಗಡಿಗಳನ್ನೂ ಸೇರಿಸಿಕೊಂಡ. ಅಲ್ಲಿ ಸಂಗೀತ ವಾದ್ಯಗಳು, ಗೃಹೋಪಯೋಗಿ ವಸ್ತುಗಳು ಮಾರಾಟಕ್ಕೆ ಬಂದವು. ಆ ವಿಭಾಗದ ಹೆಸರು ‘ನಾರ್ತ್ ಎಂಡ್ ಮ್ಯೂಸಿಕ್ ಸ್ಟೋರ್ಸ್’. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಜನ ಅದನ್ನು ‘ನೆಮ್ಸ್’ ಎಂದರು. ಪೀಠೋಪಕರಣದಂಗಡಿಯಲ್ಲಿ ಪಿಯಾನೊ ಮಾರುವುದು ಈಗ ವಿಚಿತ್ರವಾಗಿ ಕಾಣಬಹುದು. ಆ ಕಾಲದ ಇಂಗ್ಲೆಂಡಿನಲ್ಲಿ ಅದು ಸಹಜ. ಪಿಯಾನೊ ಇರುತ್ತಿದ್ದುದು ಮನೆಯ ಮುಂದಿನ ಕೋಣೆಯಲ್ಲಿ, ಮೇಜು ಕುರ್ಚಿಗಳ ಜೊತೆಗೆ. ಅದು ವಾದ್ಯ ಎಷ್ಟೋ ಅಷ್ಟೇ ಮರದ ಸಾಮಾನು. ರೇಡಿಯೊ ಬಂದಾಗ ಅದೂ ಮರದ ಪೆಟ್ಟಿಗೆಯಲ್ಲೇ ಬಂತು. ಗ್ರಾಮಫೋನು, ಆಮೇಲೆ ಟೆಲಿವಿಷನ್ನು ಅದೇ ದಾರಿಯಲ್ಲಿ ಬಂದವು. ಮನರಂಜನೆ ಮನೆಯೊಳಗೆ ಕಾಲಿಟ್ಟಿದ್ದೇ ಪೀಠೋಪಕರಣದ ರೂಪದಲ್ಲಿ. ಆದ್ದರಿಂದ ಮರ ಮಾರುತ್ತಿದ್ದ ಮನೆತನ ಸಂಗೀತ ಮಾರುವ ಮನೆತನವಾದದ್ದು ದೊಡ್ಡ ಜಿಗಿತವೇನಲ್ಲ.

ಹಾಗೆ ನೆಮ್ಸ್‌ನಿಂದ ಹೋದ ಪಿಯಾನೊಗಳಲ್ಲಿ ಒಂದನ್ನು ಕೊಂಡವನು ಜಿಮ್ ಮೆಕಾರ್ಟ್‌ನಿ. ಹತ್ತಿಯ ವ್ಯಾಪಾರದ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ, ಯೌವನದಲ್ಲಿ ಜಾಸ್ ತಂಡ ಕಟ್ಟಿದ್ದ ಮನುಷ್ಯ. ಅವನ ಹಿರಿಯ ಮಗ ಪಾಲ್. ಈ ಪಿಯಾನೊವನ್ನು ನೆನಪಿನಲ್ಲಿಟ್ಟುಕೊಳ್ಳಿ, ಕೊನೆಗೆ ಮತ್ತೆ ಇದರ ಹತ್ತಿರ ಬರುತ್ತೇನೆ.

ಬ್ರಯಾನ್ ಹುಟ್ಟಿದ್ದು 1934ರ ಸೆಪ್ಟೆಂಬರ್ 19ರಂದು. ಹ್ಯಾರಿಯ ಹಿರಿಯ ಮಗ, ಅಂದರೆ ಬೋರ್ಡಿನ ಮೇಲಿನ ‘ಸನ್ಸ್’ ಪದದ ಮುಂದಿನ ವಾರಸುದಾರ. ತಾಯಿಯ ಹೆಸರು ಮಾಲ್ಕಾ. ಹೀಬ್ರೂ ಭಾಷೆಯಲ್ಲಿ ರಾಣಿ ಎಂದರ್ಥ, ಹಾಗಾಗಿ ಎಲ್ಲರೂ ‘ಕ್ವೀನಿ’ ಎನ್ನುತ್ತಿದ್ದರು. ಅವಳ ತವರೂ ಪೀಠೋಪಕರಣ ವ್ಯಾಪಾರದ್ದೇ. ನಾಟಕ, ಸಂಗೀತದ ಆಸೆ ಮಗನಿಗೆ ಬಂದದ್ದು ತಾಯಿಯಿಂದ. ಒಂದು ಶಾಲೆಯಲ್ಲೂ ಅವನು ನೆಲೆ ನಿಲ್ಲಲಿಲ್ಲ. ಬಟ್ಟೆ ವಿನ್ಯಾಸಗಾರನಾಗುತ್ತೇನೆ ಎಂದು ಅಪ್ಪನಿಗೆ ಬರೆದ. ಹ್ಯಾರಿ ಒಪ್ಪಲಿಲ್ಲ. ಹದಿನಾರಕ್ಕೆ ಹುಡುಗ ಅಂಗಡಿಗೆ ಬಂದ.

ಬಂದ ಮೊದಲ ದಿನವೇ ಕನ್ನಡಿ ಕೊಳ್ಳಲು ಬಂದ ಹೆಂಗಸಿಗೆ ಹನ್ನೆರಡು ಪೌಂಡಿನ ಊಟದ ಮೇಜು ಮಾರಿ ಕಳಿಸಿದ ಎಂಬ ಕತೆ ಇದೆ. ಮಾರುವ ಕಲೆ ರಕ್ತದಲ್ಲಿತ್ತು ಎನ್ನೋಣ. ತಾತನಿಗೂ ಮೊಮ್ಮಗನಿಗೂ ಮನಸ್ತಾಪವಾದದ್ದು ಅಂಗಡಿಯ ಮುಂದಿನ ಗಾಜಿನ ಕಿಟಕಿಯ ವಿಷಯದಲ್ಲಿ. ಬ್ರಯಾನ್ ಕುರ್ಚಿಗಳನ್ನು ಬೀದಿಗೆ ಬೆನ್ನು ಮಾಡಿ ಇಟ್ಟ. ಮನೆಯಲ್ಲಿ ಜನ ಹೇಗೆ ಕೂರುತ್ತಾರೋ ಹಾಗೆ ಕಾಣಬೇಕು ಎಂಬುದು ಅವನ ವಾದ. ಸರಕಿನ ಮುಖ ಗಿರಾಕಿಯ ಕಡೆಗಿರಬೇಕು ಎಂಬುದು ಅರ್ಧ ಶತಮಾನ ವ್ಯಾಪಾರ ಮಾಡಿದ ತಾತನ ವಾದ. ಸಣ್ಣ ಜಗಳ. ಆದರೆ ತಾತ ತೋರಿಸುತ್ತಿದ್ದದ್ದು ಕುರ್ಚಿಯನ್ನು, ಮೊಮ್ಮಗ ತೋರಿಸಲು ಹೊರಟಿದ್ದು ಒಂದು ಮನೆಯನ್ನು. ನಾಲ್ಕು ಜನ ಚರ್ಮದ ಜಾಕೀಟಿನ ಹುಡುಗರಿಗೆ ಸೂಟು ತೊಡಿಸಿ, ವೇದಿಕೆಯ ಮೇಲೆ ತಿನ್ನಬೇಡಿ, ಸಿಗರೇಟು ಸೇದಬೇಡಿ, ಹಾಡು ಮುಗಿದ ಮೇಲೆ ಬಾಗಿ ನಮಸ್ಕರಿಸಿ ಎಂದು ಮುಂದೆ ಕಲಿಸಿದವನು ಈ ಕಿಟಕಿ ಅಲಂಕರಿಸಿದವನೇ.

ಸೈನ್ಯದ ಕಡ್ಡಾಯ ಸೇವೆಯಿಂದ ಮರಳಿದ ಬ್ರಯಾನ್ ಮತ್ತೊಮ್ಮೆ ಅಂಗಡಿಯಿಂದ ತಪ್ಪಿಸಿಕೊಳ್ಳಲು ನೋಡಿದ. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್‌ಗೆ ಸೇರಿದ. ಆಲ್ಬರ್ಟ್ ಫಿನ್ನಿ, ಪೀಟರ್ ಓಟೂಲ್ ಅವರು ಕಲಿಯುತ್ತಿದ್ದ ಕಾಲ. ಮೂರು ಅವಧಿ ಮುಗಿಯುವಷ್ಟರಲ್ಲಿ ಅದೂ ಸಾಕಾಗಿ ಊರಿಗೆ ಬಂದ. ನಟನಾಗಲು ಹೋಗಿ ಬರಿಗೈಲಿ ಬಂದ ಮಗನನ್ನು ಹ್ಯಾರಿ ಗದರಿಸುತ್ತಾ ಕೂರಲಿಲ್ಲ. ನಗರದ ನಡುಮಧ್ಯೆ ಗ್ರೇಟ್ ಷಾರ್ಲಟ್ ಬೀದಿಯಲ್ಲಿ ನೆಮ್ಸ್‌ನ ಹೊಸ ಅಂಗಡಿ ತೆರೆಯುವುದಿತ್ತು. ಅದರ ರೆಕಾರ್ಡು ವಿಭಾಗವನ್ನು ಬ್ರಯಾನನಿಗೆ ಒಪ್ಪಿಸಿದ. ಕಿರಿಯ ಮಗ ಕ್ಲೈವ್‌ಗೂ ಜವಾಬ್ದಾರಿ ಕೊಟ್ಟ. ಬ್ರಯಾನ್ ಹಗಲು ರಾತ್ರಿ ದುಡಿದ. ತಾನು ಕಲಾವಿದನಾಗಲಿಲ್ಲ ಎಂಬ ಕೊರಗನ್ನೆಲ್ಲ ಅಂಗಡಿಗೆ ಸುರಿದನೇನೋ. 1950ರ ದಶಕ ಮುಗಿಯುವ ಹೊತ್ತಿಗೆ ವೈಟ್‌ಚಾಪೆಲ್ ಬೀದಿಯಲ್ಲಿ ಇನ್ನೂ ದೊಡ್ಡ ಅಂಗಡಿ ತೆರೆಯಿತು. ಉತ್ತರ ಇಂಗ್ಲೆಂಡಿನ ದೊಡ್ಡ ರೆಕಾರ್ಡು ಅಂಗಡಿಗಳಲ್ಲಿ ನೆಮ್ಸ್ ಒಂದಾಯಿತು.

ವೈಟ್‌ಚಾಪೆಲ್ ಅಂಗಡಿಯಲ್ಲಿ ರೇಡಿಯೊ, ಟೆಲಿವಿಷನ್, ಮನೆಬಳಕೆಯ ವಿದ್ಯುತ್ ಉಪಕರಣಗಳೂ ಇದ್ದವು, ಸಂಗೀತದ ಪ್ಲೇಟುಗಳೂ ಇದ್ದವು. ಚಾವಣಿಗೆ ಎಲ್‌ಪಿ ರೆಕಾರ್ಡುಗಳ ಹೊದಿಕೆಗಳನ್ನು ಅಂಟಿಸಿದ್ದರು. ಕೊಳ್ಳುವ ಮುನ್ನ ಕೇಳಿ ನೋಡಲು ಸಣ್ಣ ಸಣ್ಣ ಗೂಡುಗಳಿದ್ದವು. ಕೈಯಲ್ಲಿ ಕಾಸಿಲ್ಲದ ಹುಡುಗ ಹುಡುಗಿಯರು ಆ ಗೂಡುಗಳಲ್ಲಿ ನಿಂತು ಮಧ್ಯಾಹ್ನವೆಲ್ಲ ಅಮೆರಿಕದ ಹಾಡು ಕೇಳಿ, ಏನೂ ಕೊಳ್ಳದೆ ಹೋಗುತ್ತಿದ್ದರು. ಜಾನ್ ಲೆನನ್, ಪಾಲ್ ಮೆಕಾರ್ಟ್‌ನಿ, ಜಾರ್ಜ್ ಹ್ಯಾರಿಸನ್ ಅವರೂ ಹಾಗೆ ಬಂದು ನಿಲ್ಲುತ್ತಿದ್ದವರು. ಸಂಗೀತಶಾಲೆಯ ಮೆಟ್ಟಿಲು ಹತ್ತದ ಒಂದು ಪೀಳಿಗೆಗೆ ಈ ಗೂಡುಗಳೇ ಪಾಠಶಾಲೆ. ಪ್ಲೇಟಿನ ಹಿಂಬದಿಯಲ್ಲಿರುವ, ಯಾರೂ ಕೇಳದ ಹಾಡನ್ನು ಕಲಿತು ಹಾಡಿದರೆ ಬೇರೆ ತಂಡಗಳ ಕೈಗೆ ಸಿಗುವುದಿಲ್ಲ ಎಂಬ ಗುಟ್ಟನ್ನೂ ಆ ಹುಡುಗರು ಕಂಡುಕೊಂಡಿದ್ದರು.

ದಾಸ್ತಾನು ಮುಗಿದದ್ದು ತಿಳಿಯಲು ಬ್ರಯಾನ್ ಒಂದು ಉಪಾಯ ಮಾಡಿದ್ದ. ಪ್ರತಿ ಪ್ಲೇಟಿನ ಕವಚಕ್ಕೂ ಒಂದು ದಾರ. ಕೊನೆಯ ಪ್ರತಿ ಮಾರಿಹೋದರೆ ಆ ದಾರ ನೋಡಿದವರಿಗೆ ತಕ್ಷಣ ಗೊತ್ತಾಗಬೇಕು, ಅಂದೇ ಆರ್ಡರ್ ಹೋಗಬೇಕು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಸಾವಿರಾರು ಪ್ಲೇಟುಗಳ ಲೆಕ್ಕವನ್ನು ದಾರದ ಮೇಲೆ ನಡೆಸಿದ. ಇದರ ಜೊತೆಗೆ ಇನ್ನೊಂದು ನಿಯಮ: ಗಿರಾಕಿ ಯಾವ ಪ್ಲೇಟು ಕೇಳಿದರೂ, ಅದು ಎಲ್ಲೇ ಇರಲಿ, ತರಿಸಿಕೊಡಬೇಕು. ಲಾಭದ ಲೆಕ್ಕ ಹಾಕಿದರೆ ಒಬ್ಬನಿಗಾಗಿ ಜರ್ಮನಿಯಿಂದ ಪ್ಲೇಟು ತರಿಸುವುದು ನಷ್ಟವೇ. ಆದರೆ ಒಂದು ಪ್ಲೇಟಿಗೆ ಇಬ್ಬರು ಮೂವರು ಕೇಳಿದರೆಂದರೆ ಊರಿನಲ್ಲಿ ಏನೋ ನಡೆಯುತ್ತಿದೆ ಎಂದರ್ಥ ಎಂಬುದು ಅವನಿಗೆ ಗೊತ್ತಿತ್ತು. ಆರ್ಡರ್ ಪುಸ್ತಕ ಅವನಿಗೆ ಊರಿನ ನಾಡಿ ಹಿಡಿಯುವ ಸಾಧನವಾಗಿತ್ತು.

ಇಲ್ಲಿಗೆ ರೇಮಂಡ್ ಜೋನ್ಸ್ ಪ್ರಸಂಗಕ್ಕೆ ಮರಳಬಹುದು. ಇತಿಹಾಸದ ವಿದ್ಯಾರ್ಥಿಗಳಿಗೆ ಇದರಲ್ಲೊಂದು ಒಳ್ಳೆಯ ಪಾಠವಿದೆ. ಬ್ರಯಾನ್ 1964ರಲ್ಲಿ ಪ್ರಕಟಿಸಿದ ಆತ್ಮಕತೆ ‘ಎ ಸೆಲ್ಲರ್‌ಫುಲ್ ಆಫ್ ನಾಯ್ಸ್’ನಲ್ಲಿ ಈ ಕತೆಯನ್ನು ಹೇಳಿದ. ಆ ಹುಡುಗ ಕೇಳುವವರೆಗೆ ಬೀಟಲ್ಸ್ ಹೆಸರೇ ತನಗೆ ಗೊತ್ತಿರಲಿಲ್ಲ ಎಂಬ ಧಾಟಿಯಲ್ಲಿ ಹೇಳಿದ. ಇದನ್ನು ಒಪ್ಪದವರು ಇದ್ದಾರೆ. ಅದರಲ್ಲಿ ಮುಖ್ಯ ಬಿಲ್ ಹ್ಯಾರಿ. ಲೆನನ್ ಜೊತೆ ಕಲಾಶಾಲೆಯಲ್ಲಿ ಓದಿದ ಬಿಲ್ 1961ರ ಜುಲೈ 6ರಂದು ‘ಮರ್ಸಿ ಬೀಟ್’ ಎಂಬ ಪಾಕ್ಷಿಕ ಪತ್ರಿಕೆ ಶುರುಮಾಡಿದ. ಊರಿನ ತಂಡಗಳ ಸುದ್ದಿಗೇ ಮೀಸಲಾದ ಪತ್ರಿಕೆ. ಮೊದಲ ಸಂಚಿಕೆಯ ಹನ್ನೆರಡು ಪ್ರತಿಗಳನ್ನು ನೆಮ್ಸ್ ಮಾರಾಟಕ್ಕೆ ತೆಗೆದುಕೊಂಡಿತು. ಬೇಗ ಖಾಲಿಯಾದವು. ಎರಡನೆಯ ಸಂಚಿಕೆಗೆ ಬ್ರಯಾನ್ ಕೇಳಿದ್ದು ಹನ್ನೆರಡು ಡಜನ್. ಆ ಎರಡನೆಯ ಸಂಚಿಕೆಯ ಮುಖಪುಟದಲ್ಲೇ ಬೀಟಲ್ಸ್ ಜರ್ಮನಿಯಲ್ಲಿ ಹಾಡು ಮುದ್ರಿಸಿದ ಸುದ್ದಿ ಇತ್ತು. ಮೂರನೆಯ ಸಂಚಿಕೆಯಿಂದ ಬ್ರಯಾನ್ ಸ್ವತಃ ಅದೇ ಪತ್ರಿಕೆಗೆ ಹೊಸ ರೆಕಾರ್ಡುಗಳ ಬಗ್ಗೆ ಅಂಕಣ ಬರೆಯತೊಡಗಿದ. ತನ್ನ ಅಂಕಣ ಬರುವ ಪತ್ರಿಕೆಯನ್ನು, ತನ್ನ ಕೌಂಟರಿನಲ್ಲೇ ನೂರರ ಲೆಕ್ಕದಲ್ಲಿ ಮಾರಿದ ಪತ್ರಿಕೆಯನ್ನು ಅವನು ಓದಿರಲಿಲ್ಲವೇ?

ಇನ್ನೊಂದು ತಿರುವೂ ಇದೆ. ನೆಮ್ಸ್‌ನಲ್ಲಿ ಬ್ರಯಾನನ ಸಹಾಯಕನಾಗಿದ್ದ ಅಲಿಸ್ಟೇರ್ ಟೇಲರ್ ಬಹಳ ವರ್ಷಗಳ ನಂತರ, ರೇಮಂಡ್ ಜೋನ್ಸ್ ಎಂಬವನೇ ಇಲ್ಲ, ಆರ್ಡರ್ ಪುಸ್ತಕದಲ್ಲಿ ಆ ಹೆಸರನ್ನು ಬರೆದವನು ನಾನೇ ಎಂದುಬಿಟ್ಟ. ಕೇಳುವವರು ಹಲವರಿದ್ದರು, ಆದರೆ ಪುಸ್ತಕದಲ್ಲಿ ಹೆಸರಿಲ್ಲದೆ ಆರ್ಡರ್ ಹೋಗುವಂತಿರಲಿಲ್ಲ, ಅದಕ್ಕೇ ಹೀಗೆ ಮಾಡಿದೆ ಎಂದ. ಆದರೆ ಹುಡುಕಿದವರಿಗೆ ರೇಮಂಡ್ ಜೋನ್ಸ್ ನಿಜವಾಗಿಯೂ ಸಿಕ್ಕಿದ. ಅವನೂ ಮಾತಾಡಿದ, ಪ್ಲೇಟು ಕೇಳಿದ್ದು ನಿಜ ಎಂದ.

ಒಬ್ಬ ಹುಡುಗ ಬಂದು ಕೇಳಿದ್ದು ನಿಜ, ಬ್ರಯಾನನಿಗೆ ಆ ಹೆಸರು ಮೊದಲೇ ಕಣ್ಣಿಗೆ ಬಿದ್ದಿರುವುದೂ ಬಹುತೇಕ ನಿಜ. ಇವೆರಡಕ್ಕೂ ವಿರೋಧವಿಲ್ಲ. ಪತ್ರಿಕೆಯಲ್ಲಿ ಓದಿದ ಹೆಸರು ಕಣ್ಣ ಮುಂದೆ ಹಾದುಹೋಗುತ್ತದೆ. ಅದೇ ಹೆಸರನ್ನು ಗಿರಾಕಿ ದುಡ್ಡು ಹಿಡಿದು ಕೇಳಿದಾಗ ವ್ಯಾಪಾರಿಯ ಕಿವಿ ನಿಮಿರುತ್ತದೆ. ನಾವು ಅಕಸ್ಮಾತ್ತಿನ ಕತೆಯನ್ನು ಇಷ್ಟಪಡುತ್ತೇವೆ, ಏಕೆಂದರೆ ಅದರಲ್ಲಿ ದೇವರು ಕೈಯಾಡಿಸಿದಂತೆ ಕಾಣುತ್ತದೆ. ಆದರೆ ಟೇಲರ್‌ನ ಮಾತು ಸುಳ್ಳಾದರೂ ಅದರೊಳಗೊಂದು ಸತ್ಯ ಉಳಿಯುತ್ತದೆ. ಸುಳ್ಳು ಹೆಸರನ್ನಾದರೂ ಬರೆಯಬೇಕಾಗುವಷ್ಟು ಗಟ್ಟಿಯಾದ ಒಂದು ಪುಸ್ತಕ ಆ ಅಂಗಡಿಯಲ್ಲಿತ್ತು. ಅಕಸ್ಮಾತ್ತು ಬಂದು ಕೂರಲು ಅರವತ್ತು ವರ್ಷದಿಂದ ಒಂದು ಜಾಗ ಸಿದ್ಧವಾಗುತ್ತಿತ್ತು.

ನೆಲಮಾಳಿಗೆಯ ಹೆಸರು ಕ್ಯಾವರ್ನ್. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕಚೇರಿ, ಅಂಗಡಿಗಳ ಹುಡುಗ ಹುಡುಗಿಯರು ಬಂದು ಕುಣಿಯುತ್ತಿದ್ದ, ಗೋಡೆಗಳಿಂದ ಬೆವರು ಇಳಿಯುತ್ತಿದ್ದ ಜಾಗ. ಬ್ರಯಾನ್ ಅಲ್ಲಿ ಸೂಟು ಟೈ ಹಾಕಿಕೊಂಡು, ಟೇಲರ್‌ನನ್ನು ಜೊತೆಗೆ ಕರೆದುಕೊಂಡು ಹೋದ. ಡಿಸೆಂಬರ್ ಮೊದಲ ವಾರದಲ್ಲಿ ಹುಡುಗರನ್ನು ವೈಟ್‌ಚಾಪೆಲ್ ಅಂಗಡಿಗೇ ಕರೆಸಿ, ನಿಮ್ಮ ಮ್ಯಾನೇಜರ್ ಆಗುತ್ತೇನೆ ಎಂದ. 1962ರ ಜನವರಿ 24ರಂದು ಕರಾರು ಆಯಿತು. ನಾಲ್ವರೂ ಸಹಿ ಹಾಕಿದರು, ಬ್ರಯಾನ್ ಮಾತ್ರ ಹಾಕಲಿಲ್ಲ. ತನ್ನಿಂದ ಕೆಲಸ ಆಗದಿದ್ದರೆ ಅವರು ಬಿಟ್ಟುಹೋಗಲು ಸ್ವತಂತ್ರರಿರಲಿ ಎಂಬ ಉದ್ದೇಶವಿತ್ತು ಎಂದು ಆಮೇಲೆ ಹೇಳಿದ.

ಇಲ್ಲಿಂದ ಮುಂದೆ ಅಂಗಡಿ ಹಿಂದೆ ಸರಿಯಿತು ಎಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ನಡೆದದ್ದು ಬೇರೆ. ಲಿವರ್‌ಪೂಲಿನ ಹೆಸರಿಲ್ಲದ ತಂಡವೊಂದರ ಮಾತನ್ನು ಲಂಡನ್ನಿನ ರೆಕಾರ್ಡು ಕಂಪನಿ ಕೇಳುವ ಕಾರಣವೇ ಇರಲಿಲ್ಲ. ಆದರೆ ತಮ್ಮ ಪ್ಲೇಟುಗಳನ್ನು ರಾಶಿ ರಾಶಿ ಕೊಳ್ಳುವ ಅಂಗಡಿಯ ಮಾಲೀಕ ಬಂದರೆ ಬಾಗಿಲು ಹಾಕಲಾಗುವುದಿಲ್ಲ. ಡೆಕ್ಕಾ ಕಂಪನಿ ತನ್ನ ಮೈಕ್ ಸ್ಮಿತ್‌ನನ್ನು 1961ರ ಡಿಸೆಂಬರಿನಲ್ಲೇ ಕ್ಯಾವರ್ನ್‌ಗೆ ಕಳಿಸಿತು. 1962ರ ಹೊಸ ವರ್ಷದ ದಿನ ಲಂಡನ್ನಿನಲ್ಲಿ ಹದಿನೈದು ಹಾಡುಗಳ ಪರೀಕ್ಷೆ ನಡೆಯಿತು. ಡೆಕ್ಕಾ ಬೇಡ ಎಂದಿತು. ಬೇರೆ ಕಂಪನಿಗಳೂ ಬೇಡ ಎಂದವು.

ಆಗ ದಾರಿ ತೋರಿಸಿದ್ದು ಮತ್ತೊಂದು ಅಂಗಡಿ. ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯಲ್ಲಿ ಎಚ್‌ಎಂವಿಯ ದೊಡ್ಡ ಮಳಿಗೆ ಇತ್ತು. ಗ್ರಾಮಫೋನಿನ ಕೊಳವೆಯ ಮುಂದೆ ಕೂತ ಆ ನಾಯಿ ಕನ್ನಡಿಗರಿಗೂ ಹಳೆಯ ಪರಿಚಯ. ನಮ್ಮ ರಂಗಗೀತೆ, ಸಿನಿಮಾ ಹಾಡುಗಳ ಪ್ಲೇಟುಗಳ ಮೇಲೂ ಅದೇ ಕೂತಿತ್ತು. ಅಲ್ಲಿನ ಮ್ಯಾನೇಜರ್ ಬ್ರಯಾನನಿಗೆ ವ್ಯಾಪಾರದ ಪರಿಚಯದವನು. 1962ರ ಫೆಬ್ರವರಿಯಲ್ಲಿ ಬ್ರಯಾನ್ ತನ್ನ ಟೇಪುಗಳಿಂದ ಪ್ಲೇಟು ಕೊರೆಸಿಕೊಳ್ಳಲು ಅಲ್ಲಿಗೆ ಹೋದ. ಕೊರೆಯುತ್ತಿದ್ದ ತಂತ್ರಜ್ಞ ಜಿಮ್ ಫಾಯ್ ಹಾಡು ಚೆನ್ನಾಗಿದೆ ಎಂದು, ಅದೇ ಕಟ್ಟಡದ ಮೇಲಂತಸ್ತಿನಲ್ಲಿದ್ದ ಸಂಗೀತ ಪ್ರಕಾಶನದ ಸಿಡ್ ಕೋಲ್ಮನ್‌ಗೆ ತೋರಿಸಿದ. ಕೋಲ್ಮನ್ ಮೂಲಕ ಮಾತು ಪಾರ್ಲೋಫೋನಿನ ಜಾರ್ಜ್ ಮಾರ್ಟಿನ್‌ಗೆ ಮುಟ್ಟಿತು. ಕಂಪನಿಗಳ ದೊಡ್ಡ ಅಧಿಕಾರಿಗಳಿಂದ ಆಗದ ಕೆಲಸ ಕೌಂಟರಿನ ಪರಿಚಯದಿಂದ, ಕೊರೆಯುವ ಯಂತ್ರದ ಮುಂದೆ ಕೂತವನ ಕಿವಿಯಿಂದ ಆಯಿತು.

1962ರ ಅಕ್ಟೋಬರ್ 5ರಂದು ‘ಲವ್ ಮೀ ಡೂ’ ಬಿಡುಗಡೆಯಾಯಿತು. ರಾಷ್ಟ್ರಮಟ್ಟದ ಪಟ್ಟಿಯಲ್ಲಿ 17ನೆಯ ಸ್ಥಾನದವರೆಗೆ ಏರಿತು. ಕೂಡಲೇ ಗುಸುಗುಸು ಹಬ್ಬಿತು: ಬ್ರಯಾನ್ ತನ್ನ ಅಂಗಡಿಗೆ ಹತ್ತು ಸಾವಿರ ಪ್ರತಿ ಕೊಂಡು ತುಂಬಿಕೊಂಡಿದ್ದಾನೆ ಅಂತ. ಅವನು ಕೊನೆಯವರೆಗೂ ಇದನ್ನು ಅಲ್ಲಗಳೆದ. ಆಗಿನ ಪಟ್ಟಿಗಳು ದೇಶದ ಬೇರೆ ಬೇರೆ ಊರುಗಳ ಅಂಗಡಿಗಳಿಂದ ತರಿಸಿದ ವರದಿಗಳ ಮೇಲೆ ಸಿದ್ಧವಾಗುತ್ತಿದ್ದವು. ಒಂದು ಅಂಗಡಿಯ ಗೋದಾಮು ತುಂಬಿಸಿ ಅಲ್ಲಿ ಜಾಗ ಗಿಟ್ಟಿಸುವುದು ಸುಲಭವಲ್ಲ. ಆದರೂ ವದಂತಿ ಸಾಯಲಿಲ್ಲ. ಅಂಗಡಿಯವನ ಗೆಲುವನ್ನು ಜನ ಅಂಗಡಿಯವನ ಲೆಕ್ಕದಲ್ಲೇ ಅರ್ಥಮಾಡಿಕೊಳ್ಳುತ್ತಾರೆ.

ಆ ಲೆಕ್ಕದ ಮಿತಿಗಳೂ ಬೇಗನೆ ಕಾಣಿಸಿದವು. ಇಎಂಐ ಜೊತೆಗಿನ ಮೊದಲ ಒಪ್ಪಂದದಲ್ಲಿ ಮಾರಾಟವಾದ ಒಂದು ಪ್ಲೇಟಿಗೆ ತಂಡಕ್ಕೆ ಸಿಗುತ್ತಿದ್ದದ್ದು ಒಂದು ಪೆನ್ನಿ. 1964ರಲ್ಲಿ ಅಮೆರಿಕದ ದೂರದರ್ಶನದಲ್ಲಿ 7.3 ಕೋಟಿ ಜನ ಬೀಟಲ್ಸ್ ನೋಡಿದರು. ಅವರ ಹೆಸರಿನ ಗೊಂಬೆ, ಟೋಪನ್ನು, ಬಟ್ಟೆ, ಎಲ್ಲವೂ ಮಾರಾಟಕ್ಕೆ ಬಂತು. ಆ ಹಕ್ಕುಗಳನ್ನು ಬ್ರಯಾನನ ಕಡೆಯವರು ಒಂದು ಕಂಪನಿಗೆ ಕೊಟ್ಟುಬಿಟ್ಟಿದ್ದರು. ಬೀಟಲ್ಸ್ ಎಂಬ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿಸಿ ಅದಕ್ಕೆ ‘ಸೆಲ್‌ಟೇಬ್’ ಎಂದು ಹೆಸರಿಟ್ಟಿದ್ದರು. ಹಂಚಿಕೆ ಹೀಗಿತ್ತು: ಆ ಕಂಪನಿಗೆ ಶೇಕಡ 90, ನೆಮ್ಸ್‌ಗೆ ಶೇಕಡ 10. ಆಮೇಲೆ ಒಪ್ಪಂದ ತಿದ್ದುಪಡಿಯಾಯಿತು, ಕೋರ್ಟು ಕಚೇರಿಯೂ ಆಯಿತು, ಆದರೆ ಹೋದ ಹಣ ಹೋಗಿತ್ತು. ಇದನ್ನು ಬರೆದವರೆಲ್ಲ ಅವನನ್ನು ಹೀಯಾಳಿಸಿದ್ದಾರೆ. ಇಂಥ ಮಾರಾಟ ಅದಕ್ಕೆ ಮುಂಚೆ ಯಾವ ಹಾಡುಗಾರರ ಹೆಸರಿನಲ್ಲೂ ಇಷ್ಟು ದೊಡ್ಡದಾಗಿ ನಡೆದಿರಲಿಲ್ಲ ಎಂಬುದನ್ನು ಮರೆಯಬಾರದು. ಕೌಂಟರಿನ ಮೇಲೆ ಕಣ್ಣಿಗೆ ಕಾಣುವ ಸರಕಿಗೆ ಬೆಲೆ ಕಟ್ಟಲು ಮೂರು ತಲೆಮಾರಿನಿಂದ ಕಲಿತ ಮನೆತನ ಅದು. ಹೆಸರಿಗೇ ಬೆಲೆ ಕಟ್ಟುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

1962ರಲ್ಲೇ ‘ನೆಮ್ಸ್ ಎಂಟರ್‌ಪ್ರೈಸಸ್’ ಎಂಬ ಹೊಸ ಸಂಸ್ಥೆ ಹುಟ್ಟಿತ್ತು. ಮಗ ಅಂಗಡಿ ಬಿಟ್ಟು ಹೊರಟರೂ ಅಂಗಡಿಯ ಹೆಸರನ್ನು ಬಿಡಲಿಲ್ಲ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಕ್ಲೈವ್ ಅದರಲ್ಲಿ ಪಾಲುದಾರ. ಜೆರ್ರಿ ಅಂಡ್ ದ ಪೇಸ್‌ಮೇಕರ್ಸ್, ಬಿಲ್ಲಿ ಜೆ. ಕ್ರೇಮರ್, ಸಿಲ್ಲಾ ಬ್ಲ್ಯಾಕ್, ಹೀಗೆ ಊರಿನ ಪ್ರತಿಭೆಗಳೆಲ್ಲ ನೆಮ್ಸ್ ಹೆಸರಿನಡಿ ಬಂದರು. ಗ್ರೇಟ್ ಷಾರ್ಲಟ್ ಬೀದಿಯ ಅಂಗಡಿ ನೋಡಿಕೊಳ್ಳುತ್ತಿದ್ದ ಪೀಟರ್ ಬ್ರೌನ್, ಆರ್ಡರ್ ಬರೆಯುತ್ತಿದ್ದ ಟೇಲರ್ ಇಬ್ಬರೂ ಲಂಡನ್ನಿಗೆ ಹೋಗಿ ಬೀಟಲ್ಸ್ ಬಳಗದ ಮುಖ್ಯ ಕೆಲಸಗಾರರಾದರು. ಜಗತ್ತಿನ ಅತಿ ದೊಡ್ಡ ತಂಡವನ್ನು ಹಲವು ವರ್ಷ ನಡೆಸಿದ್ದು ಒಂದು ರೆಕಾರ್ಡು ಅಂಗಡಿಯ ಸಿಬ್ಬಂದಿ.

1966ರ ಜುಲೈಯಲ್ಲಿ ಫಿಲಿಪ್ಪೀನ್ಸಿನಲ್ಲಿ ಅವಮಾನ, ಹೊಡೆತ ತಿಂದು ಹೊರಟ ತಂಡ ದಿಲ್ಲಿಯಲ್ಲಿ ಇಳಿಯಿತು. ಬ್ರಯಾನನ ಆರೋಗ್ಯ ಪೂರ್ತಿ ಕೆಟ್ಟಿತ್ತು. ದಿಲ್ಲಿಯಲ್ಲಿ ಜಾರ್ಜ್ ಹ್ಯಾರಿಸನ್ ಸಿತಾರ್ ಹುಡುಕಿಕೊಂಡು ಹೋದದ್ದು ರಿಖಿ ರಾಮ್ ಅವರ ಅಂಗಡಿಗೆ. ಅದೂ ಒಂದು ಮನೆತನದ ಅಂಗಡಿ. ಲಾಹೋರಿನಲ್ಲಿ ಹುಟ್ಟಿ, ದೇಶವಿಭಜನೆಯ ಮೇಲೆ ದಿಲ್ಲಿಗೆ ಬಂದು ಮತ್ತೆ ಬೇರೂರಿದ್ದು. ಲಿಥುವೇನಿಯಾದಿಂದ ಬಂದ ಕುಟುಂಬದ ಅಂಗಡಿಯಲ್ಲಿ ನಿಂತು ಹಾಡು ಕೇಳುತ್ತಿದ್ದ ಹುಡುಗ, ಲಾಹೋರಿನಿಂದ ಬಂದ ಕುಟುಂಬದ ಅಂಗಡಿಯಲ್ಲಿ ಸಿತಾರ್ ಕೊಂಡ. ನೆಲೆ ತಪ್ಪಿದವರು ಇನ್ನೊಂದು ಊರಿನಲ್ಲಿ ಹೆಸರು ಬರೆದು ಬಾಗಿಲು ತೆರೆಯಲು ಅಂಗಡಿಗಿಂತ ಸುಲಭದ ದಾರಿ ಬಹುಶಃ ಇಲ್ಲ.

ಅದೇ ಆಗಸ್ಟಿನಲ್ಲಿ ಬೀಟಲ್ಸ್ ಪ್ರವಾಸ ನಿಲ್ಲಿಸಿತು. ಬ್ರಯಾನನಿಗೆ ದಿನನಿತ್ಯದ ಕೆಲಸವೇ ಇಲ್ಲದಂತಾಯಿತು. ಅವನ ಒಂಟಿತನಕ್ಕೆ ಇನ್ನೂ ಆಳವಾದ ಕಾರಣವಿತ್ತು. ಅವನು ಸಲಿಂಗಿ. ಇಂಗ್ಲೆಂಡಿನಲ್ಲಿ ಅದು ಜೈಲಿಗೆ ಹಾಕುವ ಅಪರಾಧ. ಹರೆಯದಿಂದಲೂ ಪೊಲೀಸರ ಭಯ, ಬೆದರಿಸಿ ದುಡ್ಡು ಕೀಳುವವರ ಭಯ. ಜಗತ್ತಿಗೆ ನಾಲ್ಕು ಜನರನ್ನು ತೋರಿಸಿದವನು ತನ್ನನ್ನು ತೋರಿಸಿಕೊಳ್ಳುವಂತಿರಲಿಲ್ಲ. 1967ರ ಜುಲೈಯಲ್ಲಿ ಅಪ್ಪ ಹ್ಯಾರಿ ತೀರಿಕೊಂಡ. ಅದೇ ತಿಂಗಳ 27ರಂದು ಬ್ರಿಟನ್ನಿನ ರಾಣಿಯ ಅಂಕಿತ ಬಿದ್ದು, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಯಸ್ಕ ಗಂಡಸರ ನಡುವಿನ ಖಾಸಗಿ ಸಂಬಂಧ ಅಪರಾಧವಲ್ಲವೆಂದಾಯಿತು. ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 27ರ ಭಾನುವಾರ, ಲಂಡನ್ನಿನ ತನ್ನ ಮನೆಯಲ್ಲಿ ಬ್ರಯಾನ್ ಸತ್ತು ಬಿದ್ದಿದ್ದ. ನಿದ್ರೆಯ ಮಾತ್ರೆಗಳು ದೇಹದಲ್ಲಿ ಕೂಡಿಕೊಂಡು ಹೆಚ್ಚಾಗಿ ಆಕಸ್ಮಿಕವಾಗಿ ಆದ ಸಾವು ಎಂದು ವಿಚಾರಣೆ ತೀರ್ಮಾನಿಸಿತು. ವಯಸ್ಸು 32. ಆ ಹೊತ್ತಿನಲ್ಲಿ ಬೀಟಲ್ಸ್ ವೇಲ್ಸ್‌ನ ಬ್ಯಾಂಗರ್ ಎಂಬ ಊರಿನಲ್ಲಿ ಮಹರ್ಷಿ ಮಹೇಶ್ ಯೋಗಿಯ ಬಳಿ ಇದ್ದರು. ಆರು ವಾರಗಳೊಳಗೆ ಗಂಡನನ್ನೂ ಹಿರಿಯ ಮಗನನ್ನೂ ಕಳೆದುಕೊಂಡ ಕ್ವೀನಿ 1996ರವರೆಗೆ ಬದುಕಿದ್ದಳು.

ನೆಮ್ಸ್ ಎಂಟರ್‌ಪ್ರೈಸಸ್ ಕ್ಲೈವ್‌ನ ಹೆಗಲಿಗೆ ಬಿತ್ತು. ಅವನು ಅಣ್ಣನಂಥವನಲ್ಲ, ನೆಮ್ಮದಿಯ ಮನುಷ್ಯ. ಲಂಡನ್ನಿನ ಗದ್ದಲ ಅವನಿಗೆ ಬೇಕಿರಲಿಲ್ಲ. 1969ರಲ್ಲಿ ಕುಟುಂಬ ತನ್ನ ಪಾಲನ್ನು ಒಂದು ಹೂಡಿಕೆ ಸಂಸ್ಥೆಗೆ ಮಾರಿತು. ಇಂದು ವೈಟ್‌ಚಾಪೆಲ್ ಬೀದಿಯಲ್ಲಿ ನೆಮ್ಸ್ ಇಲ್ಲ. ಆ ಜಾಗಕ್ಕೆ ಬೇರೆ ಬೇರೆ ವ್ಯಾಪಾರಗಳು ಬಂದು ಹೋಗಿವೆ. ಬ್ರಯಾನ್ ಸತ್ತ 55ನೆಯ ವರ್ಷ, 2022ರ ಆಗಸ್ಟ್ 27ರಂದು, ಅದರ ಹತ್ತಿರವೇ ಅವನ ಪ್ರತಿಮೆ ನಿಲ್ಲಿಸಿದರು. ಸೂಟು ಹಾಕಿ ಎಲ್ಲಿಗೋ ಹೊರಟವನಂತೆ ನಿಂತಿದ್ದಾನೆ.

ಕೊನೆಗೆ ಆ ಪಿಯಾನೊ. ಬೀಟಲ್ಸ್ ಮತ್ತು ನೆಮ್ಸ್ ನಡುವಿನ ಕತೆ ಶುರುವಾಗುವುದು ರೇಮಂಡ್ ಜೋನ್ಸ್‌ನಿಂದ ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಅವನು ಅಂಗಡಿಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಆ ಅಂಗಡಿ ಪಾಲ್ ಮೆಕಾರ್ಟ್‌ನಿಯ ಮನೆಗೆ ಬಂದಿತ್ತು. ಆಗ ಬ್ರಯಾನನಿಗೂ ಅದಕ್ಕೂ ಸಂಬಂಧವಿಲ್ಲ. ಊರಿನ ಸಾಮಾನ್ಯ ಕುಟುಂಬವೊಂದು ಊರಿನ ಅಂಗಡಿಯಲ್ಲಿ ಪಿಯಾನೊ ಕೊಂಡಿತ್ತು, ಅಷ್ಟೇ. ಇದನ್ನು ಕೇಳಿದವರು ಎಂಥ ಕಾಕತಾಳೀಯ ಎನ್ನುತ್ತಾರೆ. ಆದರೆ ಎರಡು ತಲೆಮಾರು ಕಂತಿನಲ್ಲಿ ಮಾರುತ್ತಾ ಊರಿನ ಮನೆಮನೆಗೆ ಸಾಮಾನು ತಲುಪಿಸಿದ ಅಂಗಡಿಯ ವಾದ್ಯವೊಂದು ಆ ಊರಿನ ಹಾಡುಗಾರನ ಮನೆಯಲ್ಲಿ ಇದ್ದರೆ ಅದರಲ್ಲಿ ಆಶ್ಚರ್ಯವೇನಿದೆ? ಪಾಲ್‌ಗೆ ಅಪ್ಪ ಆ ಪಿಯಾನೊದ ಮುಂದೆ ಕೂತು, ಇದು ಮೇಲಿನ ಸ್ವರ, ಇದು ಅದಕ್ಕೆ ಹೊಂದುವ ಸ್ವರ ಎಂದು ತೋರಿಸಿಕೊಟ್ಟ. ಮುಂದಿನದನ್ನು ಅವನೇ ಕಲಿತುಕೊಂಡ.